ಸೊಂಟ ನೋವಿಗೆ ಕರೆಂಟ್ ಮಷಿನ್ ತಗೊಳ್ಳಬಹುದಾ?

ನಾನು ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಕಾಫಿ ಕುಯ್ಲು ಶುರುವಾಯಿತು ಅಂದರೆ ಈ ಪ್ರಶ್ನೆಯೂ ಶುರು. "ಮೇಡಂ, ಕರೆಂಟ್ ಕೊಡೋ ಮಷಿನ್ ಆನ್‌ಲೈನ್‌ನಲ್ಲೇ ಸಿಗುತ್ತಂತೆ. ತರಿಸ್ಕೊಂಡ್ರೆ ಸೊಂಟ ನೋವು ಹೋಗುತ್ತಾ?" ತೋಟದ ಕೆಲಸದವರೂ ಕೇಳುತ್ತಾರೆ, ಜೀಪಿನಲ್ಲಿ ಬರುವ ತೋಟದ ಯಜಮಾನರೂ ಕೇಳುತ್ತಾರೆ.

ಹೋಗುವುದಿಲ್ಲ. ಹಾಕಿಕೊಂಡಷ್ಟು ಹೊತ್ತು, ಹೆಚ್ಚೆಂದರೆ ಅದಾದ ಮೇಲೆ ಸ್ವಲ್ಪ ಹೊತ್ತು, ಕೆಲವರಿಗೆ ನೋವು ತಗ್ಗುತ್ತದೆ. ಅಷ್ಟಕ್ಕೆ ದುಡ್ಡು ಹಾಕಲು ಮನಸ್ಸಿದ್ದರೆ ತಗೊಳ್ಳಿ.

ಆದರೆ ಯಾವ ಮಷಿನ್ ಅಂತ ನೋಡಿ. ಟೆನ್ಸ್ ಅನ್ನುವುದು ನರಕ್ಕೆ. ಇಎಂಎಸ್ ಅನ್ನುವುದು ಸ್ನಾಯುವಿಗೆ. ಈಗ ಎರಡೂ ಒಂದೇ ಡಬ್ಬದಲ್ಲಿ ಬರುತ್ತವೆ, ಜನ ಯಾವುದೋ ಬಟನ್ ಒತ್ತಿ ಮಲಗುತ್ತಾರೆ.

ಮೊಣಕೈ ಬಾಗಿಲಿಗೆ ತಾಗಿದರೆ ತಕ್ಷಣ ಉಜ್ಜಿಕೊಳ್ಳುತ್ತೀವಿ, ಅಲ್ವಾ? ಉಜ್ಜಿದ ಸ್ಪರ್ಶದ ಸುದ್ದಿ ಬೆನ್ನುಹುರಿಗೆ ಹೋಗಿ ನೋವಿನ ಸುದ್ದಿಯನ್ನು ಅಲ್ಲೇ ತಡೆಯುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು ಇದನ್ನು ಗೇಟ್ ಕಂಟ್ರೋಲ್ ಅಂತ ವಿವರಿಸಿದರು. ಟೆನ್ಸ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಕರೆಂಟಿನಿಂದ. ಇಎಂಎಸ್ ಹಾಗಲ್ಲ, ಅದು ಸ್ನಾಯುವನ್ನೇ ಬಿಗಿಮಾಡಿ, ಮತ್ತೆ ಸಡಿಲ ಬಿಡುತ್ತದೆ. ಮಂಡಿ ಆಪರೇಷನ್ ಆದವರ ತೊಡೆಗೆ ಅದು ಉಪಯೋಗ. ಸೊಂಟದಲ್ಲಿ ಬೆನ್ನೆಲುಬಿಗೆ ಅಂಟಿಕೊಂಡಿರುವ ಮಲ್ಟಿಫಿಡಸ್ ಸ್ನಾಯು ತುಂಬಾ ಒಳಗಿದೆ. ಚರ್ಮದ ಮೇಲಿನ ಪ್ಯಾಡ್ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಆ ಸ್ನಾಯುವಿನ ನರಕ್ಕೆ ಒಳಗಿನಿಂದಲೇ ಕರೆಂಟ್ ಕೊಡಲು ಆಪರೇಷನ್ ಮಾಡಿ ಕೂರಿಸುವ ಸಾಧನಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಬೇರೇನೂ ಫಲ ಕೊಡದೆ ಉಳಿದವರಿಗೆ ಮಾತ್ರ. ಮೂಟೆ ಎತ್ತಿ ಸೊಂಟ ಹಿಡಿದವರಿಗಲ್ಲ.

ಇನ್ನೊಂದು ವಿಷಯ. ಯಾವ ಚಿಕಿತ್ಸೆ ಕೊಡಬೇಕು ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಸೊಂಟ ನೋವಿಗೆ ಟೆನ್ಸ್ ಬೇಡ, ಕ್ಲಿನಿಕ್‌ಗಳಲ್ಲಿ ಕೊಡುವ ಐಎಫ್‌ಟಿ ಅನ್ನುವ ಇನ್ನೊಂದು ಬಗೆಯ ಕರೆಂಟೂ ಬೇಡ ಅಂದಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ, ಬಹಳ ದಿನದ ಸೊಂಟ ನೋವಿಗೆ ಟೆನ್ಸನ್ನು ವಾಡಿಕೆಯಾಗಿ ಕೊಡಬೇಡಿ ಅಂದಿತು. ಹಾಗಾದರೆ ನಿಮ್ಮ ಕ್ಲಿನಿಕ್‌ನಲ್ಲಿ ಯಾಕಿದೆ ಅಂತ ಕೇಳಬಹುದು. ನೋವಿಗೆ ಹೆದರಿ ಅಲುಗಾಡದೇ ಇರುವವರನ್ನು ಎಬ್ಬಿಸುವುದಕ್ಕೆ. ಅರ್ಧ ಗಂಟೆ ನೋವು ಮಂದವಾದರೆ, ಆ ಹೊತ್ತಿನಲ್ಲಿ ಮಂಡಿ ಮಡಚಿ ಮಲಗಿಸಿ ಸೊಂಟ ಎತ್ತಿಸುತ್ತೇನೆ, ನಾಲ್ಕು ಹೆಜ್ಜೆ ನಡೆಸುತ್ತೇನೆ. "ಕರೆಂಟ್ ಕೊಡಿ ಸಾಕು, ಎಕ್ಸರ್‌ಸೈಜ್ ಬೇಡ" ಅನ್ನುವವರ ಹತ್ತಿರ ದುಡ್ಡು ಇಸ್ಕೊಳ್ಳಲು ನನಗೇ ಮುಜುಗರ.

ಆಲ್ದೂರಿನ ಕಡೆಯಿಂದ ಒಬ್ಬ ಅಮ್ಮ ಬರುತ್ತಿದ್ದರು. ಇಳಿಜಾರಿನಲ್ಲಿ ನಿಂತು, ಸೊಂಟಕ್ಕೆ ಚೀಲ ಕಟ್ಟಿಕೊಂಡು, ರೆಂಬೆ ಬಗ್ಗಿಸಿ ಹಣ್ಣು ಬಿಡಿಸುವ ಕೆಲಸ. ಬೆನ್ನಿಗೆಲ್ಲ ನೋವಿನ ಮುಲಾಮು ಬಳಿದುಕೊಂಡೇ ಬರೋರು. ಪ್ಯಾಡ್ ಅಂಟಿಸಿದರೆ ಜಾರಿ ಬೀಳುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಿಸಿ, ಬೆನ್ನೆಲುಬಿನ ಮೇಲಲ್ಲ, ಅದರ ಎರಡೂ ಪಕ್ಕಕ್ಕೆ ಅಂಟಿಸಬೇಕು. "ಇನ್ನೂ ಜಾಸ್ತಿ ಮಾಡವ್ವಾ, ಏನೂ ಗೊತ್ತಾಗ್ತಿಲ್ಲ" ಅನ್ನೋರು. ಚೆನ್ನಾಗಿ ಜುಮ್ಮೆಂದರೆ ಸಾಕು, ಕಚ್ಚಿದ ಹಾಗೆ ಆಗಬಾರದು. ಅವರಿಗೆ ನಿಜವಾಗಿ ಸಹಾಯವಾಗಿದ್ದು ಚೀಲ ಅರ್ಧ ತುಂಬಿದಾಗಲೇ ಸುರಿದು ಬರುವ ಅಭ್ಯಾಸ ಮತ್ತು ಬೆಳಿಗ್ಗೆಯ ವ್ಯಾಯಾಮ.

ಪೇಸ್‌ಮೇಕರ್ ಇರುವವರು ಮಷಿನ್ ಮುಟ್ಟಬೇಡಿ. ಬಸುರಿಯರು, ಫಿಟ್ಸ್ ಬರುವವರು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬೇಡಿ. ಸಕ್ಕರೆ ಕಾಯಿಲೆಯಿಂದ ಚರ್ಮಕ್ಕೆ ಸ್ಪರ್ಶ ಗೊತ್ತಾಗದ ಕಡೆ ಪ್ಯಾಡ್ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೇ ಸೋರಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದಿದರೆ ನನ್ನ ಹತ್ತಿರವೂ ಬರಬೇಡಿ. ಅವತ್ತೇ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಿ.