ಬ್ಯಾಂಕಾಕ್‌ನ ನಾಲ್ಕು ಗೋಲು, ಒಂದು ಕ್ರೇಟು ಬಾದಾಮಿ

2022ರ ಜುಲೈ 12. ಶ್ರೀನಿವಾಸಪುರದ ಮಂಡಿಗೆ ತೋತಾಪುರಿ ಮಾವಿನ ಕೊನೆ ಲೋಡು ಹಾಕಿ ಬಂದವನು ಕೈಗಂಟಿದ ಸೊನೆ ಕೂಡ ತೊಳೆಯದೆ ಫೋನು ಹಿಡಿದು ಕೂತೆ. ಬ್ಯಾಂಕಾಕ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಲಿವರ್‌ಪೂಲ್‌ಗೂ ಫುಟ್‌ಬಾಲ್ ಫ್ರೆಂಡ್ಲಿ ಮ್ಯಾಚು, ಅಂದರೆ ಸೀಸನ್ನಿಗೆ ಮುಂಚೆ ಆಡೋ, ಲೀಗಿನ ಲೆಕ್ಕಕ್ಕೆ ಬಾರದ ಆಟ. ಟೆನ್ ಹಾಗ್ ನಮ್ಮ ಯುನೈಟೆಡ್‌ಗೆ ಕೋಚ್ ಆದ ಮೇಲೆ ಮೊದಲ ಆಟ. 4-0 ಗೆದ್ದೆವು!

ಪಕ್ಕದಲ್ಲಿದ್ದ ಚಿಕ್ಕಪ್ಪನ ಮಗ ಲಿವರ್‌ಪೂಲ್ ಕಡೆಯವನು. "ಅಣ್ಣಾ, ಸಲಾ ಎಲ್ಲಿ, ವ್ಯಾನ್ ಡೈಕ್ ಎಲ್ಲಿ? ಹುಡುಗರನ್ನ ಇಳಿಸಿದ್ದಾರೆ ಅಷ್ಟೇ" ಅಂತ ಗೊಣಗಿದ. ನಿಜವೇ. ಮೊದಲ ಮೂರು ಗೋಲು ಬಿದ್ದಾಗ ಲಿವರ್‌ಪೂಲ್‌ನ ಆ ಇಬ್ಬರು ದೊಡ್ಡ ಆಟಗಾರರೂ ಮೈದಾನದಲ್ಲೇ ಇರಲಿಲ್ಲ. ನಾನು ಕೇಳಬೇಕಲ್ಲ? ಈ ಸಲ ಲೀಗಿನಲ್ಲಿ ನಾವೇ ನಿಮಗಿಂತ ಮೇಲೆ, ಬೇಕಿದ್ದರೆ ಒಂದು ಕ್ರೇಟು ಬಾದಾಮಿ ಮಾವು ಬೆಟ್ ಅಂದೆ.

ಅಪ್ಪ ನಕ್ಕರು. ಅವರು ಒಂದು ವರ್ಷ ಬರೀ ಹೂ ನೋಡಿ ಪಕ್ಕದ ತೋಟ ಗುತ್ತಿಗೆ ಹಿಡಿದಿದ್ದರು. ಎಲೆ ಕಾಣದಷ್ಟು ಹೂ. ಆಮೇಲೆ ಜಿಗಿಹುಳು ಬಿತ್ತು, ಮರದ ಕೆಳಗೆ ನಿಂತರೆ ಅಂಗಿಗೆ ಅಂಟು. ಕಾಯಿ ನಿಂತಿದ್ದು ಬೆರಳೆಣಿಕೆಯಷ್ಟು.

ನಾನೂ ಹಳೇದು ಮರೆತಿದ್ದೆ ನೋಡಿ. 2014ರಲ್ಲಿ ವ್ಯಾನ್ ಗಾಲ್ ಯುನೈಟೆಡ್‌ಗೆ ಕೋಚ್ ಆಗಿ ಬಂದಾಗಲೂ ಹೀಗೇ ಆಗಿತ್ತು. ಅಮೆರಿಕದ ಫ್ರೆಂಡ್ಲಿಗಳಲ್ಲಿ ಎಲ್‌ಎ ಗ್ಯಾಲಕ್ಸಿ ಟೀಮಿನ ಮೇಲೆ 7-0, ರಿಯಲ್ ಮ್ಯಾಡ್ರಿಡ್ ಮೇಲೆ 3-1. ವಾಪಸ್ ಬಂದು ಲೀಗಿನ ಮೊದಲ ಮ್ಯಾಚಿನಲ್ಲೇ, ಅದೂ ನಮ್ಮದೇ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ, ಸ್ವಾನ್ಸಿ ಕೈಲಿ ಸೋತರು. ಲಿವರ್‌ಪೂಲ್ ಕಥೆ ಉಲ್ಟಾ. 2019ರ ಜುಲೈನಲ್ಲಿ ಡಾರ್ಟ್‌ಮಂಡ್, ಸೆವಿಯಾ, ನಾಪೋಲಿ ಮೂವರ ಕೈಲೂ ಸೋತು, ಆಮೇಲೆ 99 ಪಾಯಿಂಟ್ ತಗೊಂಡು ಲೀಗು ಗೆದ್ದರು. ಜುಲೈನಲ್ಲಿ ಆಟಗಾರರ ಕಾಲು ಪ್ರಾಕ್ಟೀಸಿನಿಂದಲೇ ಭಾರವಾಗಿರುತ್ತೆ. ಅರ್ಧ ಟೀಮನ್ನೇ ಬದಲಿಸುತ್ತಾರೆ. ಸ್ಕೋರು ಯಾರಿಗೆ ಬೇಕು?

ಆಗಸ್ಟ್ ಬಂತು. ಬ್ಯಾಂಕಾಕ್‌ನಲ್ಲಿ ಗೋಲು ಹೊಡೆದಿದ್ದ ಮಾರ್ಷಿಯಲ್ ಗಾಯ ಮಾಡಿಕೊಂಡು ಲೀಗಿನ ಮೊದಲ ಆಟ, ಬ್ರೈಟನ್ ಮ್ಯಾಚಿಗೆ ಇಲ್ಲ. 1-2 ಸೋಲು. ಮುಂದಿನ ವಾರ ಬ್ರೆಂಟ್‌ಫರ್ಡ್ 35 ನಿಮಿಷಕ್ಕೇ ನಾಲ್ಕು ಗೋಲು ಹಾಕಿತು. ಎರಡನೆಯದನ್ನು ನಾನು ಮರೆಯಲ್ಲ. ನಮ್ಮ ಗೋಲ್‌ಕೀಪರ್ ಡಿ ಹೆಯಾ ಹತ್ತಿರದಲ್ಲೇ ಇದ್ದ ನಮ್ಮ ಎರಿಕ್ಸನ್‌ಗೆ ಪಾಸ್ ಕೊಟ್ಟ, ಎರಿಕ್ಸನ್ ತಿರುಗೋಷ್ಟರಲ್ಲಿ ಬ್ರೆಂಟ್‌ಫರ್ಡ್‌ನ ಯೆನ್ಸನ್ ಬಂದು ಚೆಂಡು ಕಿತ್ಕೊಂಡು ಗೋಲಿಗೆ ಹೊಡೆದ. ಫ್ರೆಂಡ್ಲಿಯಲ್ಲಿ ಯಾರು ಹಾಗೆ ಮೈಮೇಲೆ ಬೀಳ್ತಾರೆ ಹೇಳಿ! ಈಗ ಫ್ರೆಂಡ್ಲಿಯಲ್ಲಿ ನಾನು ನೋಡೋದು ಇಷ್ಟೇ: ಕೋಚ್ ಯಾರನ್ನ ಎಲ್ಲಿ ಆಡಿಸ್ತಾನೆ, ಯಾರು ಕುಂಟ್ತಾ ಆಚೆ ಬರ್ತಾರೆ.

ಆದರೆ ತಮಾಷೆ ಏನು ಗೊತ್ತಾ, ಬೆಟ್ ಗೆದ್ದಿದ್ದು ನಾನೇ. 2023ರ ಮೇನಲ್ಲಿ ಲೀಗು ಮುಗಿದಾಗ ನಾವು ಮೂರನೆಯವರು, ಅವರು ಐದನೆಯವರು. ನಡುವೆ ಮಾರ್ಚ್‌ನಲ್ಲಿ ಅವರ ಮೈದಾನ ಆನ್‌ಫೀಲ್ಡ್‌ನಲ್ಲಿ ನಾವು ಎಷ್ಟು ಗೋಲು ತಿಂದೆವು ಅಂತ ಮಾತ್ರ ಕೇಳಬೇಡಿ. ಹುಡುಗ ಮಾತು ತಪ್ಪಲಿಲ್ಲ, ಬಾದಾಮಿ ಕ್ರೇಟು ತಂದು ಜಗಲಿ ಮೇಲೆ ಇಟ್ಟು ಹೋದ. ಒಳ್ಳೆ ಹಣ್ಣು. ಕ್ರೇಟಿನ ಪಕ್ಕಕ್ಕೆ ಮಾರ್ಕರ್‌ನಲ್ಲಿ ದೊಡ್ಡದಾಗಿ 7-0 ಅಂತ ಬರೆದಿದ್ದ.