ಎಸ್‌ಯುವೀಲಿ ಜಾಗ ಜಾಸ್ತಿ ಅಲ್ವಾ ಅಂತ ಕೇಳೋರಿಗೆ

"ಎಸ್‌ಯುವಿ ತಗೋಬಹುದಿತ್ತಲ್ವಾ, ಒಳಗೆ ಜಾಗ ಜಾಸ್ತಿ ಇರುತ್ತೆ?"

ಛತ್ರದ ಪಾರ್ಕಿಂಗಲ್ಲಿ, ಆಫೀಸ್ ಬೇಸ್‌ಮೆಂಟಲ್ಲಿ, ಪಂಕ್ಚರ್ ಅಂಗಡೀಲಿ, ಎಲ್ಲಾ ಕಡೆ ಇದೇ. ಉತ್ತರ ಅವ್ರೇ ಇಟ್ಕೊಂಡು ಬಂದಿರ್ತಾರೆ, ನಾನು ಹೂಂ ಅಂದ್ರೆ ಸಾಕು. ಅನ್ನಲ್ಲ. ನಂದು ಮಾರುತಿ ಸಿಯಾಜ್, ಡಿಕ್ಕಿ ಹಿಂದಕ್ಕೆ ಚಾಚಿರೋ ಸೆಡಾನ್ ಕಾರು, ಈಗ ಅದ್ರ ಮಾರಾಟಾನೂ ನಿಂತೋಗಿದೆ, ಹಾಗಾಗಿ ಕೇಳೋರ ಮುಖದಲ್ಲಿ ಸ್ವಲ್ಪ ಕನಿಕರ ಬೇರೆ.

ಲೆಕ್ಕ ಬೇಕಾ, ತಗೊಳ್ಳಿ. ಅದೇ ಮಾರುತಿಯವ್ರ ಸಣ್ಣ ಎಸ್‌ಯುವಿ ಬ್ರೆಜ್ಜಾ ಜೊತೆಗೇ ಇಟ್ಟು ನೋಡೋಣ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಸಿಯಾಜಲ್ಲಿ 2650 ಮಿ.ಮೀ., ಬ್ರೆಜ್ಜಾದಲ್ಲಿ 2500. ಹಿಂದೆ ಕೂತೋರ ಮಂಡಿಗೆ ಜಾಗ ಬರೋದು ಹೆಚ್ಚು ಕಮ್ಮಿ ಇಲ್ಲಿಂದ್ಲೇ. ಡಿಕ್ಕಿ ಸಿಯಾಜಲ್ಲಿ 510 ಲೀಟರ್, ಬ್ರೆಜ್ಜಾದಲ್ಲಿ 328. ಬ್ರೆಜ್ಜಾ ಅಗಲ 60 ಮಿ.ಮೀ. ಜಾಸ್ತಿ ಇದೆ, ಒಪ್ಕೋತೀನಿ, ಎತ್ತರ ಅಂತೂ 200 ಮಿ.ಮೀ. ಜಾಸ್ತಿ. ಅಂದ್ರೆ ಜಾಗ ಇರೋದು ತಲೆ ಮೇಲೆ. ಅಲ್ಲಿ ಯಾರನ್ನ ಕೂರಿಸ್ತೀರಾ?

ಇದೆಲ್ಲಾ ಶುರುವಾಗಿದ್ದು 2006ರ ಬಜೆಟ್ಟಿಂದ. ಉದ್ದ 4 ಮೀಟರ್ ಒಳಗಿದ್ದು, ಪೆಟ್ರೋಲ್ ಇಂಜಿನ್ 1200 ಸಿಸಿ ಇಲ್ಲಾ ಡೀಸೆಲ್ 1500 ಸಿಸಿ ದಾಟದಿದ್ರೆ ತೆರಿಗೆ ಕಮ್ಮಿ ಅಂದ್ರು. 2025ರ ಸೆಪ್ಟೆಂಬರಿಂದ ಅಂಥ ಗಾಡಿಗೆ ಜಿಎಸ್‌ಟಿ ಶೇ. 18, ಮಿಕ್ಕಿದ ಪೆಟ್ರೋಲ್ ಡೀಸೆಲ್ ಕಾರಿಗೆಲ್ಲಾ ಶೇ. 40. ಉದ್ದಕ್ಕೆ ಬೇಲಿ ಹಾಕಿದ್ರು, ಎತ್ತರಕ್ಕೆ ಯಾರೂ ಏನೂ ಹೇಳ್ಲಿಲ್ಲ, ಕಂಪನಿಯವ್ರು ಮೇಲಕ್ಕೆ ಬೆಳೆಸಿದ್ರು. (ಇದೇ 4 ಮೀಟರೊಳಗೆ ತುರುಕಿರೋ ಸೆಡಾನ್‌ಗಳೂ ಇವೆ, ಡಿಸೈರ್, ಅಮೇಜ್ ಥರದ್ದು, ಅವಕ್ಕೆ ನಾನು ವಕಾಲತ್ತು ವಹಿಸ್ತಿಲ್ಲ.) ಹಾಗಾದ್ರೆ ಕ್ರೆಟಾ ಅಂತೀರಾ? ಅದು 4 ಮೀಟರ್ ದಾಟಿದ ಎಸ್‌ಯುವಿ, ಆದ್ರೂ ಡಿಕ್ಕಿ 433 ಲೀಟರೇ.

ಕಳೆದ ಸಲ ಧರ್ಮಸ್ಥಳಕ್ಕೆ ಹೊರಟಾಗ ನಮ್ಮ ಚಿಕ್ಕಪ್ಪನ ಮಗ "ಅಣ್ಣಾ, ನಿನ್ನ ಗಾಡಿ ಬೇಡ, ನಂದ್ರಲ್ಲಿ ಆರಾಮಾಗಿ ಹೋಗ್ಬಹುದು" ಅಂತ ಅವ್ನ ಸಣ್ಣ ಎಸ್‌ಯುವಿ ತಂದ. ಐದು ಜನ. ಬ್ಯಾಗುಗಳು ಡಿಕ್ಕಿ ತುಂಬಿ, ಹಿಂದಿನ ಗಾಜು ಮುಚ್ಚಿ, ಆಮೇಲೂ ಒಂದು ಮಿಕ್ತು, ಅದು ಚಿಕ್ಕಮ್ಮನ ತೊಡೆ ಮೇಲೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋಕೆ ಶುರು ಮಾಡಿದ್ವಿ ನೋಡಿ, ಒಂದೊಂದು ತಿರುವಿಗೂ ಗಾಡಿ ವಾಲೋದು, ಎತ್ತರದಲ್ಲಿ ಕೂತಿರ್ತೀವಲ್ಲ, ತಲೆ ಇನ್ನೂ ಜಾಸ್ತಿ ತೂಗಾಡುತ್ತೆ, ಮಧ್ಯದಲ್ಲಿ ಕೂತ ಅತ್ತೆಗೆ ಹಿಡ್ಕೊಳ್ಳೋಕೆ ಏನೂ ಇಲ್ಲ, ಒಂದು ತಿರುವಿಗೆ ನನ್ನ ಮೇಲೆ, ಇನ್ನೊಂದಕ್ಕೆ ಚಿಕ್ಕಮ್ಮನ ಮೇಲೆ, ಚಿಕ್ಕಮ್ಮನ ಮೇಲೆ ಅಂದ್ರೆ ಬ್ಯಾಗ್ ಮೇಲೆ. ಉಜಿರೆ ಬರೋಷ್ಟರಲ್ಲಿ ನಿಂಬೆಹಣ್ಣು ಖಾಲಿ. ಅವ್ನು ಮಾತ್ರ ಸ್ಟಿಯರಿಂಗ್ ಹಿಡ್ಕೊಂಡು "ರೋಡ್ ಎಷ್ಟ್ ಚೆನ್ನಾಗ್ ಕಾಣುತ್ತೆ ಅಲ್ವಾ ಅಣ್ಣಾ" ಅಂತಿದ್ದ. ಓಡ್ಸೋನಿಗೆ ಕಾಣುತ್ತಪ್ಪಾ.

ನನಗೆ ಸಿಟ್ಟು ಬರೋದು ಇದಕ್ಕೇನೇ. ಜಾಗದ ಪ್ರಶ್ನೆ ಕೇಳೋರು ಯಾವಾಗ್ಲೂ ಓಡ್ಸೋರು, ಹಿಂದೆ ಕೂರೋರಲ್ಲ. ಮಧ್ಯದ ಸೀಟಲ್ಲಿ ಯಾರು ಕೂರ್ತಾರೆ ಅಂತ ಒಬ್ರಾದ್ರೂ ಕೇಳ್ಲಿ ನೋಡೋಣ. ಕೂರೋದು ಅತ್ತೇನೇ, ಇಲ್ಲಾ ಸಣ್ಣಗಿದಾಳೆ ಅಂತ ತಂಗಿ. ಅಲ್ಲಿ ಮೆತ್ತೆ ಗಟ್ಟಿ, ಕಾಲ ಕೆಳಗೆ ಉಬ್ಬು, ಎಸಿ ಗಾಳಿಯ ಕಿಂಡಿ ಇರೋ ಡಬ್ಬ ಮಂಡಿಗೆ ತಾಗುತ್ತೆ, ಸೆಡಾನಲ್ಲೂ ಅದೇ ಕಥೆ, ನಂದ್ರಲ್ಲೂ ಅಷ್ಟೇ.

ಅಥವಾ ಅಮ್ಮ ಹತ್ತಿ ಇಳಿಯೋದು ಹೇಗೆ ಅಂತ ಕೇಳಿ. ಕೇಳಿದ್ರೆ ಎಸ್‌ಯುವಿ ಅಂತ್ಲೇ ಹೇಳ್ತೀನಿ, ತಡ ಮಾಡ್ದೆ. ಸೆಡಾನ್‌ಗೆ ತಲೆ ಬಗ್ಗಿಸಿ ಕೆಳಗೆ ಇಳ್ದು ಕೂರ್ಬೇಕು, ಏಳುವಾಗ ಬಾಗಿಲು ಹಿಡ್ಕೊಂಡು "ಅಯ್ಯಪ್ಪಾ" ಅನ್ಬೇಕು, ಮಂಡಿ ನೋವಿರೋರಿಗೆ ಅದು ಶಿಕ್ಷೆ. ಈ ಸಣ್ಣ ಎಸ್‌ಯುವಿ ಸೀಟು ಸೊಂಟದ ಮಟ್ಟಕ್ಕಿರುತ್ತೆ, ಪಕ್ಕಕ್ಕೆ ತಿರುಗಿ ಕೂತ್ರೆ ಆಯ್ತು. ಅದೇ ಸ್ಕಾರ್ಪಿಯೋ ಥರದ್ದಾದ್ರೆ ಮತ್ತೆ ಕಷ್ಟ, ಸೀರೆ ಎತ್ಕೊಂಡು ಹತ್ಬೇಕು. ನನ್ನ ಅಮ್ಮಂಗೆ ಸದ್ಯಕ್ಕೆ ಮಂಡಿ ಗಟ್ಟಿ ಇದೆ, ಅದಕ್ಕೇ ಸಿಯಾಜ್ ಇದೆ. ಆ ಲೆಕ್ಕ ಬದಲಾದ ದಿನ ಗಾಡೀನೂ ಬದಲಾಗುತ್ತೆ, ಆಗ ಬಂದು "ನೋಡ್ದಾ, ನಾನು ಹೇಳಿರ್ಲಿಲ್ವಾ" ಅನ್ಬೇಡಿ, ನೀವು ಹೇಳಿದ್ದು ಜಾಗದ ವಿಷ್ಯ.

ಇಷ್ಟರ ಮೇಲೂ ಅನುಮಾನ ಇದ್ರೆ ಶೋರೂಮಿಗೆ ಮನೆಯವ್ರನ್ನೆಲ್ಲಾ ಕರ್ಕೊಂಡು ಹೋಗಿ. ನೀವು ಡ್ರೈವರ್ ಸೀಟ್ ಕಡೆ ಹೋಗ್ಬೇಡಿ, ಹಿಂದೆ ಮಧ್ಯದಲ್ಲಿ ನೀವೇ ಕೂತ್ಕೊಳ್ಳಿ, ಎರಡೂ ಕಡೆ ಒಬ್ಬೊಬ್ರನ್ನ ಕೂರಿಸಿ, ಬಾಗಿಲು ಹಾಕ್ಸಿ. ಸೇಲ್ಸ್ ಹುಡುಗ ಕಾಫಿ ಬೇಕಾ ಸಾರ್ ಅಂತಾನೆ, ಇಲ್ಲಿಗೇ ಕೊಡಪ್ಪಾ ಅನ್ನಿ, ಕುಡಿದು ಮುಗಿಯೋವರೆಗೆ ಇಳೀಬೇಡಿ.