ಸ ಇದ್ದದ್ದು ಎಲ್ಲಿ?

ನಾನು ಗಿಟಾರ್ ಹಿಡಿದಾಗ ವಯಸ್ಸು 41. ಮೊದಲ ಎರಡು ವರ್ಷ ಬರೀ ಟ್ಯಾಬ್ ನೋಡಿ ನುಡಿಸಿದೆ. ಆರು ತಂತಿಗೆ ಆರು ಗೆರೆ, ಗೆರೆ ಮೇಲೆ ಬೆರಳು ಒತ್ತಬೇಕಾದ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮನೆ) ನಂಬರ್, ಅಷ್ಟೇ. ಆದರೆ ಇಂಟರ್ನೆಟ್‌ನಲ್ಲಿ ಸಿಗುವ ಸಾದಾ ಟ್ಯಾಬ್‌ನಲ್ಲಿ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದೇ ಇರುವುದಿಲ್ಲ. ಕೇಳಿದ ಹಾಡಾದರೆ ಸರಿ, ಕೇಳದ ಹಾಡಿಗೆ ಗೋವಿಂದ.

ಹಾಗಾಗಿ ಪಾಶ್ಚಾತ್ಯ ಸಂಗೀತ ಬರೆಯುವ ಐದು ಗೆರೆಯ ಸ್ಟಾಫ್ ನೋಟೇಷನ್‌ಗೆ ಕೂತೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು, ಸರಳೆ ವರಸೆ, ಜಂಟಿ ವರಸೆ, ಮಲಹರಿಯ ಗೀತೆಗಳ ತನಕ ಕಲಿತಿದ್ದೆ, ಇದೇನು ಮಹಾ ಅಂತ ಒಂದು ಜಂಬ ಬೇರೆ. ತಾಳದ ವಿಷಯದಲ್ಲಿ ಆ ಜಂಬ ಸ್ವಲ್ಪ ದಿನ ನಡೆಯಿತು. ನಮ್ಮ ಪಾಠದ ಪುಸ್ತಕದಲ್ಲಿ ಸ ಪಕ್ಕ ಅಲ್ಪವಿರಾಮ ಬಂದರೆ ಇನ್ನೊಂದು ಅಕ್ಷರದಷ್ಟು ಹೊತ್ತು ಎಳೆಯಬೇಕು, ಅರ್ಧವಿರಾಮ ಬಂದರೆ ಇನ್ನೆರಡು, ಅಲ್ವಾ? ಸ್ಟಾಫ್‌ನ ಎಂಟನೇ ಒಂದು ನೋಟನ್ನು ಒಂದು ಅಕ್ಷರ ಅಂತ ಹಿಡಿದರೆ ಅದರ ಎರಡರಷ್ಟು ಉದ್ದದ ಕಾಲು ನೋಟ್ 'ಸ,' ಆಗುತ್ತದೆ, ಅದರ ಪಕ್ಕ ಉದ್ದವನ್ನು ಒಂದೂವರೆ ಪಟ್ಟು ಮಾಡುವ ಚುಕ್ಕೆ ಇದ್ದರೆ 'ಸ;'. ತೊಡೆ ಮೇಲೆ ತಾಳ ಹಾಕಿಕೊಂಡೇ ಓದಿದೆ.

ಎಡವಿದ್ದು ಸ್ವರದಲ್ಲಿ. ಪಾಶ್ಚಾತ್ಯರ ಸಿ ಸ್ವರ ಅಂದರೆ ನಮ್ಮ ಸ ಅಂತ ಮೊದಲ ದಿನವೇ ತಲೆಗೆ ಹಾಕಿಕೊಂಡುಬಿಟ್ಟಿದ್ದೆ. ಸಿ ಇಂದ ಶುರುವಾಗುವ ಸಿ ಮೇಜರ್ ಸ್ಕೇಲಿನ (ಸ್ವರಗಳ ಸಾಲಿನ) ಪಾಠಗಳು ಮುಗಿಯುವ ತನಕ ಏನೂ ತೊಂದರೆ ಆಗಲಿಲ್ಲ. ಆಮೇಲೆ ಜಿ ಇಂದ ಶುರುವಾಗುವ ಜಿ ಮೇಜರ್ ಬಂತು. ಸಾಲಿನ ಶುರುವಿನಲ್ಲಿ, ಮೇಲಿನ ಗೆರೆ ಮೇಲೆ ಒಂದೇ ಒಂದು ಶಾರ್ಪ್ ಗುರುತು, ಅಂದರೆ ಎಫ್ ಬಂದಲ್ಲೆಲ್ಲ ಅರ್ಧ ಸ್ವರ ಏರಿಸು ಅಂತ. ಕಣ್ಣು ಅದನ್ನು ನೋಡಿರುತ್ತಿತ್ತು. ಬೆರಳು ಮಾತ್ರ ಒಂದನೇ ತಂತಿಯಲ್ಲಿ ಎರಡನೇ ಫ್ರೆಟ್ ಬಿಟ್ಟು ಮೊದಲನೆಯದಕ್ಕೇ ಹೋಗುತ್ತಿತ್ತು. ಮೇಷ್ಟ್ರು ಮಾತಾಡದೆ ಪೆನ್ಸಿಲ್‌ನಿಂದ ಆ ಎಫ್‌ಗೆ ಸುತ್ತು ಹಾಕುವುದು, ನಾನು ಮತ್ತೆ ಅಲ್ಲೇ ತಪ್ಪುವುದು. ಒಂದೇ ಹಾಳೆಯಲ್ಲಿ ಹನ್ನೊಂದು ಸುತ್ತು ಎಣಿಸಿದ್ದೇನೆ!

ಒಂದು ರಾತ್ರಿ ಬೇಜಾರಾಗಿ ಗಿಟಾರ್ ಪಕ್ಕಕ್ಕಿಟ್ಟು ಆ ಸಾಲನ್ನು ಸುಮ್ನೆ ಹಾಡಿಕೊಂಡೆ. ಬಾಯಿ ತಾನಾಗಿ ಜಿ ಸ್ವರವನ್ನೇ ಸ ಅಂತ ಹಿಡಿಯಿತು. ಆಗ ಆ ಎಫ್ ಶಾರ್ಪ್ ಏನಾಯಿತು ಗೊತ್ತಾ? ಶಂಕರಾಭರಣ ರಾಗದ ನಿ, ಕಾಕಲಿ ನಿಷಾದ, ಮೇಲಿನ ಸ ಪಕ್ಕದಲ್ಲೇ ಕೂತಿರುವುದು. ಮೇಜರ್ ಸ್ಕೇಲ್ ಅಂದರೆ ಶಂಕರಾಭರಣದ ಸ್ವರಗಳೇ ಅಂತ ಎಷ್ಟು ಸಲ ಓದಿದ್ದೆನೋ. ನಮ್ಮಲ್ಲಿ ಹಾಡುವವರ ಶ್ರುತಿ (ಆಧಾರ ಸ್ವರ) ಎಲ್ಲಿದೆಯೋ ಅಲ್ಲಿ ಸ. ಅದನ್ನು ಸಿ ಮೇಲೆ ಮೊಳೆ ಹೊಡೆದು ಕೂರಿಸಿದವನು ನಾನೇ.

ಈಗ ಎಫ್ ತಪ್ಪುವುದು ಕಡಿಮೆ. ಹೊಸ ತಲೆನೋವು ಇ. ಮೇಲಿನ ಸಂದಿಯಲ್ಲಿರುವ ಅದೇ ಇ ಒಂದನೇ ತಂತಿಯನ್ನು ಹಾಗೇ ಮೀಟಿದರೂ ಬರುತ್ತದೆ, ಎರಡನೇ ತಂತಿಯ ಐದನೇ ಫ್ರೆಟ್‌ನಲ್ಲೂ ಬರುತ್ತದೆ, ಮೂರನೆಯದರ ಒಂಬತ್ತರಲ್ಲೂ ಬರುತ್ತದೆ. ಎಲ್ಲಿ ಒತ್ತಲಿ ಅಂತ ಯೋಚಿಸುತ್ತಾ ಕೂತರೆ ಅಡುಗೆಮನೆಯಿಂದ ಹೆಂಡತಿ ಕೇಳುತ್ತಾಳೆ, "ರೀ, ಇವತ್ತಾದ್ರೂ ಎರಡನೇ ಸಾಲಿಗೆ ಹೋಗ್ತೀರಾ?"